ಮಂಗಲದ ಹಾಳೆ

"ಚಪ್ಪಲಿ ಹೊರಗ ಬಿಟ್ಟು ಬರ್ರಿ."

ಕಾಜಲ ಜಗಳಕ್ಕೆಂದೇ ಬಂದವಳು. ಮಾಲಗಾಂವದ ಮನೆಯಿಂದ ಊರಾಚೆಯ ಈ ಬೇದಾಣೆ ಶೆಡ್ಡಿನ ತನಕ ನಡೆದು ಬರುವಾಗ ಏನೇನು ಅನ್ನಬೇಕೆಂದು ಒಂದೊಂದೇ ಮಾತನ್ನು ಮಸೆದಿಟ್ಟುಕೊಂಡಿದ್ದಳು. ಎದುರಿಗಿದ್ದವನು ತಲೆ ಕೂಡ ಎತ್ತದೆ ಚಪ್ಪಲಿಯ ಮಾತು ತೆಗೆದದ್ದೇ ಅವಳಿಗೆ ಮೈ ಉರಿಯಿತು.

"ದ್ರಾಕ್ಷಿ ಒಣಗಸೂ ಶೆಡ್ಡಿಗಿ ಬರಿಗಾಲಲೇ ಯಾರ ಬರ್ತಾರ್ರಿ?"

"ಈಗ ದ್ರಾಕ್ಷಿ ಇಲ್ರಿ. ನೀವ ನೋಡ್ರಿ."

ನೋಡಿದಳು. ನೋಡುತ್ತಲೇ ಕಾಲು ತಾನಾಗಿ ಚಪ್ಪಲಿಯಿಂದ ಹೊರಬಂತು. ಸುಗ್ಗಿಯಲ್ಲಿ ದ್ರಾಕ್ಷಿ ಹರವುವ ಜಾಳಿಗಳು ಒಂದರ ಮೇಲೊಂದು ಶೆಡ್ಡಿನ ಉದ್ದಕ್ಕೂ ಇದ್ದವಲ್ಲ, ಅವುಗಳ ಮೇಲೆಲ್ಲ ಒದ್ದೆ ಹಾಳೆಗಳು ಮಲಗಿದ್ದವು. ಮರಾಠಿ ಆರತಿಗಳು, ಬಸದಿಯ ಸ್ತೋತ್ರಗಳು, ಉರ್ದುವಿನ ದುಆಗಳು, ಚರ್ಚಿನಲ್ಲಿ ಹಾಡುವ ಹಾಡುಗಳು, ಬುದ್ಧನ ವಂದನೆಗಳು. ಯಾವ ದೇವರೂ ಜಾಗ ಸಾಲದೆಂದು ತಕರಾರು ಮಾಡಿದ ಹಾಗೆ ಕಾಣಲಿಲ್ಲ. ಗಾಳಿ ಬಂದಾಗ ಎಲ್ಲ ಹಾಳೆಗಳೂ ಒಟ್ಟಿಗೆ ಸ್ವಲ್ಪ ಏಳುತ್ತಿದ್ದವು, ಒಟ್ಟಿಗೆ ಮಲಗುತ್ತಿದ್ದವು.

ಆ ಶ್ರಾವಣದಲ್ಲಿ ಕೃಷ್ಣೆ ಸಾಂಗಲಿಯ ಪೇಟೆಯೊಳಗೆ ಬಂದು, ಬಂದ ನೆಂಟರು ಏಳುವುದನ್ನೇ ಮರೆತ ಹಾಗೆ ಕೂತುಬಿಟ್ಟಿದ್ದಳು. ಶಾಂತಿನಾಥ ಕಾಕಾನ ಬೈಂಡಿಂಗ್ ಅಂಗಡಿಯೂ ಮುಳುಗಿತು. ನೀರು ಇಳಿದ ಮೇಲೆ ಕಾಕಾ ಮೊದಲು ಹೊರಗೆ ತೆಗೆದದ್ದು ಮಷಿನ್ನನ್ನಲ್ಲ, ಜನ ಹೊಲಿಯಲು ಕೊಟ್ಟಿದ್ದ ದೇವರ ಪುಸ್ತಕಗಳನ್ನು. ಅದನ್ನು ಕಂಡು ಓಣಿಯವರೂ ತಮ್ಮ ತಮ್ಮ ಮನೆಯ ಪುಸ್ತಕ ತಂದರು. ಗಾದಿ, ಟೀವಿ, ಕಪಾಟು ಎಲ್ಲವನ್ನೂ ರಸ್ತೆಗೆ ಒಗೆದವರಿಗೂ ಅದೊಂದನ್ನು ಒಗೆಯುವ ಧೈರ್ಯವಾಗಿರಲಿಲ್ಲ. ಮಾಲಗಾಂವಕ್ಕೆ ಹೊಳೆಯ ನೀರು ಬರುವುದಿಲ್ಲ. ಅಲ್ಲಿ ಗೆಳೆಯನ ಬೇದಾಣೆ ಶೆಡ್ಡು ಖಾಲಿ. ಮೇಲೆ ತಗಡು, ನಾಲ್ಕೂ ಕಡೆ ಗಾಳಿ. ಕಾಕಾ ಟೆಂಪೋದಲ್ಲಿ ಎಲ್ಲವನ್ನೂ ಇಲ್ಲಿಗೆ ಸಾಗಿಸಿದ್ದ.

"ನಮ್ಮ ಆಯಿ ಪುಸ್ತಕ ಕೊಡ್ರಿ," ಅಂದಳು ಕಾಜಲ, ದನಿ ಮತ್ತೆ ಏರಿಸಿ. "ಹೊಲದು ಕೊಡ್ತೇವಿ ಅಂತ ಇಸ್ಕೊಂಡಿದ್ರಿ. ಹೊಳ್ಯಾಗ ಅದ್ದಿ ಕೊಡ್ತೇವಿ ಅಂತ ಹೇಳಿರಲಿಲ್ಲ."

ಅವನು ಈಗ ತಲೆ ಎತ್ತಿದ. ನಿದ್ದೆಗೆಟ್ಟ ಕಣ್ಣು, ಗಲ್ಲದ ಮೇಲೆ ಒಣಗಿದ ಅಂಟು. ನಗು ಬಂತೋ ಏನೋ, ತುಟಿ ಬಿಗಿಹಿಡಿದ.

"ಯಾವ ಪುಸ್ತಕರಿ?"

"ಕನ್ನಡದ್ದು. ಹಸರ ರಟ್ಟು. ಕುರಿ ಕಾಯೂ ಸಿದ್ಧನ ಕತಿ."

ಅವನು ನಡುವಿನ ಜಾಳಿಯೊಂದರ ಹತ್ತಿರ ಕರೆದೊಯ್ದು ತೋರಿಸಿದ. ಹಸಿರು ರಟ್ಟು ಇರಲಿಲ್ಲ, ಬರೀ ಹಾಳೆ. ಅವಳು ಬಗ್ಗಿ ನೋಡಿದಳು. ಅಕ್ಷರಗಳು ಗುಂಡಗೆ ಕಂಡವು, ಅಷ್ಟೇ.

"ಇದ ಅಂತ ನಾ ಹೆಂಗ ನಂಬೂದು?"

"ಓದಿ ನೋಡ್ರಿ."

ಅವಳು ಕಲಿತದ್ದು ಮರಾಠಿ ಶಾಲೆಯಲ್ಲಿ. ಕನ್ನಡ ಅವಳ ಬಾಯಲ್ಲಿತ್ತು, ಕಣ್ಣಿಗೆ ಬರುತ್ತಿರಲಿಲ್ಲ. ಅವರ ಮನೆಯಲ್ಲಿ ಅದನ್ನು ಓದಬಲ್ಲವನಾಗಿದ್ದದ್ದು ಮುತ್ಯಾ, ಅವಳ ಅಜ್ಜ, ಒಬ್ಬನೇ. ಅವನು ಹೋಗಿ ವರ್ಷಗಳಾದವು. ಅವಳ ಮುಖ ಕೆಳಗಾದದ್ದನ್ನು ಎದುರಿಗಿದ್ದವನು ಕಂಡ. ಕಂಡದ್ದನ್ನು ತೋರಗೊಡದೆ, ತನಗೇ ಬೇಕಿತ್ತೆಂಬಂತೆ ಹಾಳೆಯ ಮೇಲೆ ಬಗ್ಗಿ ಓದಿದ:

"ಹೊಳೆಯ ಆಚೆ ದಂಡೆಯಲ್ಲಿ ಹುಲ್ಲಿತ್ತು. ಈಚೆ ದಂಡೆಯಲ್ಲಿ ಸಿದ್ಧನ ಕುರಿಗಳಿದ್ದವು."

ಮುತ್ಯಾನ ತೊಡೆಯ ಮೇಲೆ ತಲೆಯಿಟ್ಟು ಕೇಳಿದ ಮಾತು. ಕಾಜಲಳ ಜಗಳವೆಲ್ಲ ಅಲ್ಲೇ ಕರಗಿ ಕಣ್ಣಿಗೆ ಬಂತು. ಅವನು ಗಾಬರಿಯಾಗಿ ಒಂದು ಬೈಂಡಿಂಗ್ ಬಟ್ಟೆಯ ತುಂಡನ್ನು ಮುಂದೆ ಹಿಡಿದ. ಅದಕ್ಕೂ ಅಂಟು ಮೆತ್ತಿತ್ತು.

"ಇದರಲೇ ಒರಸಿಕೊಂಡ್ರ ಕಣ್ಣ ಮುಚ್ಚಿಕೊಂಡ ಹೋಗಬೇಕಾಗತದ," ಅಂದಳು ಕಾಜಲ. ಇಬ್ಬರೂ ನಕ್ಕರು.

ಅವನ ಹೆಸರು ಗೌರವ. ವಿಜಯಪುರದ ಕಡೆಯವ, ಚಿಕ್ಕವನಿದ್ದಾಗ ಅಲ್ಲಿಯ ಕನ್ನಡ ಶಾಲೆಗೆ ಹೋದವ. ಅಪ್ಪ ತೀರಿದ ಮೇಲೆ ತಾಯಿಯ ಜೊತೆ ಮಿರಜಕ್ಕೆ ಬಂದ. ತಾಯಿ ಒಂದು ದವಾಖಾನೆಯಲ್ಲಿ ಕಸ ಹೊಡೆಯುವ ಕೆಲಸಕ್ಕೆ ಸೇರಿದಳು, ಇವನು ಶಾಂತಿನಾಥ ಕಾಕಾನ ಕೈಯಲ್ಲಿ ಹೊಲಿಗೆ ಕಲಿತ.

"ಒಂದ ಹಾಳಿ ಮಾತ್ರ ಹೋತ್ರಿ," ಅಂದ ಅವನು, ತಪ್ಪು ತನ್ನದೇ ಎಂಬ ಹಾಗೆ. "ಕಡೀದು. ನೀರು ಬಂತಂದ್ರ ಕಡೀ ಹಾಳಿನ ಮೊದಲ ಹೋಗೂದು. ಯಾವ ಪುಸ್ತಕ ನೋಡ್ರಿ, ಆಶೀರ್ವಾದ ಇರೂದೂ ಅದರಾಗನ."

ಕಾಜಲ ಅತ್ತಿತ್ತ ನೋಡಿದಳು. "ನಮ್ಮ ಆಯಿಗಿ ಇದನ್ನ ಹೇಳಬ್ಯಾಡ್ರಿ."

ಹೀಗೆ ಮೊದಲನೆಯ ದಿನವೇ ಅವರಿಬ್ಬರ ನಡುವೆ ಒಂದು ಗುಟ್ಟು ಹುಟ್ಟಿತು. ಪ್ರೀತಿಗೆ ಅಷ್ಟು ಸಾಕಾಗುತ್ತದೆ.

*

ಮಳೆಗಾಲದಲ್ಲಿ ಕಾಜಲಳಂಥ ಬೇದಾಣೆ ಆರಿಸುವ ಹೆಣ್ಣುಮಕ್ಕಳಿಗೆ ಕೆಲಸವಿರುವುದಿಲ್ಲ. ಶಾಂತಿನಾಥ ಕಾಕಾ ಕಾಜಲಳ ಬೆರಳು ನೋಡಿದ. ಹಣ್ಣಿಗೆ ಗಾಯವಾಗದಂತೆ ಎತ್ತಿ ರೂಢಿಯಾದ ಬೆರಳು. "ನಾಳಿಂದ ಬಾ ಮಗಳ," ಅಂದ.

ಕಾಕಾನ ಕಟ್ಟಳೆಗಳು ದೊಡ್ಡವು. ನೆಲದ ಹತ್ತಿರದ ಜಾಳಿಯಲ್ಲಿ ಯಾವ ಹಾಳೆಯನ್ನೂ ಇಡುವಂತಿಲ್ಲ. ಸರೇಸಿನ ಅಂಟು ಮುಟ್ಟುವಂತಿಲ್ಲ, ಅದು ಪ್ರಾಣಿಯ ಚರ್ಮದ್ದು. ಮೈದಾ ಹಿಟ್ಟಿನ ಅಂಟೇ ಆಗಬೇಕು. ಉರ್ದು ಹಾಳೆಗಳ ಸಾಲು ಯಾರಿಗೂ ತಿಳಿಯದು; ಮಿರಜದ ದರ್ಗಾದ ಹತ್ತಿರ ಅತ್ತರು ಮಾರುವ ಚಾಚಾ ಶುಕ್ರವಾರದ ನಮಾಜು ಮುಗಿಸಿ ಬಂದು, ಕೈ ತೊಳೆದು, ಒಂದೊಂದಾಗಿ ಜೋಡಿಸಿಕೊಟ್ಟು ಹೋಗುತ್ತಿದ್ದ. ಅವನು ಹೋದ ಮೇಲೆ ಶೆಡ್ಡೆಲ್ಲ ಘಮಘಮ.

ಕಾಜಲ ಜಾಳಿಯ ಈಚೆ, ಗೌರವ ಆಚೆ. ನಡುವೆ ಒಂದು ಹಾಳೆ; ಈ ಮೂಲೆ ಅವಳ ಕೈಯಲ್ಲಿ, ಆ ಮೂಲೆ ಅವನ ಕೈಯಲ್ಲಿ. ಮೆಲ್ಲಗೆ ಎತ್ತಬೇಕು, ಮೆಲ್ಲಗೆ ತಿರುವಬೇಕು. ಕಣ್ಣು ಹಾಳೆಯ ಮೇಲಿರಬೇಕೆಂಬುದು ಕಾಕಾನ ಕಟ್ಟಳೆ. ಇಬ್ಬರ ಕಣ್ಣೂ ಎಷ್ಟೋ ಸಲ ಕಟ್ಟಳೆ ಮೀರಿ, ಹಾಳೆ ಹರಿಯುವುದಕ್ಕೆ ಒಂದು ಕ್ಷಣ ಮುಂಚೆ ವಾಪಸು ಬರುತ್ತಿದ್ದವು.

"ಇದರಾಗ ಏನ್ ಬರದೈತಿ?" ಅಂತ ಅವಳು ಕೇಳುವಳು, ಕನ್ನಡದ ಹಾಳೆ ಬಂದಾಗ.

"ಚಾ ಬೇಡಿದವರಿಗಿ ಚಾ ಕೊಡಬೇಕು ಅಂತ ಬರದೈತಿ."

"ಸುಳ್ಳ. ದೇವರ ಪುಸ್ತಕ ಹಿಡಕೊಂಡು ಸುಳ್ಳ ಹೇಳ್ತಿ."

ಮೊದಲು "ರಿ" ಹೋಯಿತು, ಆಮೇಲೆ "ನೀವು" ಹೋಯಿತು. ಯಾವ ದಿನ ಹೋಯಿತೆಂದು ಇಬ್ಬರಿಗೂ ನೆನಪಿಲ್ಲ.

*

ನವರಾತ್ರಿಗೆ ಪುಸ್ತಕ ಸಿದ್ಧವಾಯಿತು. ಹೊಸ ಹಸಿರು ರಟ್ಟು, ಕಡೆಗೊಂದು ಖಾಲಿ ಹಾಳೆ. ಗೌರವನೇ ಅದನ್ನು ಮನೆಗೆ ತಂದ. ಕಾಜಲಳ ಆಯಿ ಮುತ್ತವ್ವ, ಅಂದರೆ ಅವಳ ಅಪ್ಪನ ತಾಯಿ, ಹಾಸಿಗೆ ಹಿಡಿದು ಬಹಳ ದಿನವಾಗಿತ್ತು. ಕಣ್ಣು ಮಂಜು, ಕಿವಿ ಮಾತ್ರ ಚುರುಕು. ಪುಸ್ತಕವನ್ನು ಎದೆಯ ಮೇಲಿಟ್ಟುಕೊಂಡು ಹಿಂದೆ ಮುಂದೆ ಎಲ್ಲ ಸವರಿದಳು. ಕಡೆಯ ಹಾಳೆಯ ಮೇಲೆ ಬೆರಳು ಒಂದಿಷ್ಟು ಹೊತ್ತು ನಿಂತಿತು. ಕಾಜಲ ಗೌರವನತ್ತ ನೋಡಿದಳು. ಮುದುಕಿ ಪುಸ್ತಕ ಮುಚ್ಚಿದಳು.

"ಓದಾಕ ಬರತದೇನೋ ತಮ್ಮಾ ನಿನಗ?"

"ಬರತದರಿ ಆಯಿ."

"ಹಂಗಾರ ನನ್ನ ಸಲುವಾಗಿ ಒಂದ ಸಲ ಪುರಾಣ ಹಚ್ಚು. ಕೇಳಿ ಹೋಗ್ತೇನಿ. ಯಾರ ಪೈಕಿ ನೀ?"

ಬಾಗಿಲಲ್ಲಿ ನಿಂತಿದ್ದ ಅಪ್ಪ ಅಮೋಘಸಿದ್ಧ ಕೆಮ್ಮಿದ. ಗೌರವ ಕೆಳಗೆ ನೋಡಲಿಲ್ಲ, ದನಿಯನ್ನೂ ತಗ್ಗಿಸಲಿಲ್ಲ.

"ನಾವು ಬೌದ್ಧರರಿ ಆಯಿ. ನಮ್ಮವ್ವ ದಿನಾ ವಂದನಾ ಓದ್ತಾಳ."

ಮುತ್ತವ್ವ ದನಿ ಬಂದ ಕಡೆಗೆ ಮುಖ ತಿರುಗಿಸಿದಳು.

"ನಿಮ್ಮವ್ವ ತಾನ ಓದ್ತಾಳ? ತನ್ನ ಕಣ್ಣಿಲೆ?"

"ಹೌದ್ರಿ. ದವಾಖಾನ್ಯಾಗ ಕಸಾ ಹೊಡದು ಬಂದು, ಕೈಕಾಲ ತೊಳಕೊಂಡು ಓದ್ತಾಳ."

"ಪುಣ್ಯವಂತಿ ಅದಾಳ. ನನಗ ಬರಂಗಿಲ್ಲ," ಅಂದಳು ಮುತ್ತವ್ವ. "ಓದು ನೀ."

ಅಂದಿನಿಂದ ದಿನಾ ಸಂಜೆ ಕೆಲಸ ಬಿಟ್ಟು, ಮಿರಜದ ಬಸ್ಸು ಹಿಡಿಯುವ ಮುಂಚೆ, ಗೌರವ ಬಂದು ಓದತೊಡಗಿದ. ಕನ್ನಡ ಕೇಳುತ್ತ ಕೇಳುತ್ತ ಅಮೋಘಸಿದ್ಧನ ಕೆಮ್ಮೂ ಕಡಿಮೆಯಾಯಿತು. ಒಂದು ದಿನ ಅವನೇ ಗೌರವನಿಗೆ ಕುಳಿತುಕೊಳ್ಳಲು ಕಂಬಳಿ ಹಾಸಿದ.

"ಬರ್ತೇನ್ರಿ ಕಾಕಾ," ಎಂದು ಗೌರವ ಅಂದು ಅವನಿಗೆ ಹೇಳಿ ಹೊರಟ.

ಮರುದಿನ ಶೆಡ್ಡಿನಲ್ಲಿ ಕಾಜಲ ಜಾಳಿಯ ಈಚೆ ಮುಖ ಊದಿಸಿಕೊಂಡೇ ಇದ್ದಳು.

"ಏನಾತು?"

"ನಮ್ಮಪ್ಪ ನಿನಗ ಕಾಕಾ ಹೆಂಗಾಗ್ತಾನ? ಅವ ಕಾಕಾ ಆದ್ರ ನಾ ಏನಾಗ್ತೇನಿ? ತಂಗಿ?"

ಗೌರವ ಹಾಳೆಯನ್ನು ಜಾಳಿಯ ಮೇಲಿಟ್ಟ. ಅವನ ಕಿವಿಯ ತುದಿ ಕೆಂಪಾಗಿ, ಆ ಕೆಂಪು ಕೊರಳಿಗಿಳಿಯುವುದನ್ನು ಕಾಜಲ ಪೂರ್ತಿ ನೋಡಿದಳು, ಕಣ್ಣು ತೆಗೆಯಲಿಲ್ಲ.

"ಮತ್ತೇನ ಅನ್ಲಿ?"

"ಮಾಮಾ ಅನ್ನು."

ಆ ಸಂಜೆ ಅವನು ಎದ್ದು ಚಪ್ಪಲಿ ಮೆಟ್ಟುತ್ತ, "ಬರ್ತೇನ್ರಿ ಮಾಮಾ," ಅಂದ. ಅಮೋಘಸಿದ್ಧ ಕತ್ತೆತ್ತಿ ಒಂದು ಸಲ ಅವನನ್ನು, ಒಂದು ಸಲ ಒಳಗಿನ ಬಾಗಿಲನ್ನು ನೋಡಿದ. ಒಳಗೆ ಕಾಜಲ ಸೆರಗು ಬಾಯಿಗೆ ತುರುಕಿಕೊಂಡು ನಗುತ್ತಿದ್ದಳು. ಅವಳ ವೈನಿ, ಅಣ್ಣ ಬಾಬುವಿನ ಹೆಂಡತಿ ಸ್ನೇಹಲ, ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನೋಡಿದಳು. ಅವಳಿಗೆ ನಗು ಬರಲಿಲ್ಲ.

*

ನಗು ಬರದಿರಲು ಕಾರಣವಿತ್ತು. ಸ್ನೇಹಲ ಆ ಮನೆಗೆ ಬಂದದ್ದು ಕೊಟ್ಟು ತಗೊಳ್ಳುವ ಮಾತಿನ ಮೇಲೆ. ಅಮೋಘಸಿದ್ಧನ ತಂಗಿ, ಕಾಜಲಳ ಆತ್ಯಾ ಚಂದ್ರಭಾಗಾಳನ್ನು ಖಂಡೇರಾಜುರಿಗೆ ಕೊಟ್ಟಿತ್ತು. ಅವಳ ಮಗಳು ಸ್ನೇಹಲ ಇಲ್ಲಿಗೆ, ಇಲ್ಲಿಯ ಮಗಳು ಕಾಜಲ ಚಂದ್ರಭಾಗಾಳ ಮಗ ಸ್ವಪ್ನಿಲನಿಗೆ. ಅಣ್ಣ ತಂಗಿ ಇಬ್ಬರೂ ದೇವರ ಮುಂದಿನ ಭಂಡಾರ, ಆ ಅರಿಶಿನದ ಪುಡಿಯನ್ನು, ಕೈಯಲ್ಲಿ ಹಿಡಿದು ಆಡಿದ ಮಾತು. ಕುರುಬರ ಮನೆಯಲ್ಲಿ ಭಂಡಾರ ಹಿಡಿದ ಮೇಲೆ ಮಾತು ಸಡಿಲಾಗುವುದಿಲ್ಲ. ಸ್ವಪ್ನಿಲ ಕೆಟ್ಟವನೂ ಅಲ್ಲ. ಹಾಲಿನ ಗಾಡಿ ಹೊಡೆಯುತ್ತಿದ್ದ. ಬಂದಾಗಲೆಲ್ಲ ಆಯಿಗೆ ಔಷಧಿ ತರುತ್ತಿದ್ದ, ಕಾಜಲ ನೀರು ಕೊಟ್ಟರೆ ತಂಬಿಗೆಯನ್ನೇ ನೋಡುತ್ತ ಕುಡಿಯುತ್ತಿದ್ದ. ಅವನನ್ನು ಬೈಯಲೂ ಅವಳಿಗೆ ಏನೂ ಸಿಗುತ್ತಿರಲಿಲ್ಲ.

ಕಾಜಲ ಅಲ್ಲಿಗೆ ಹೋಗದಿದ್ದರೆ ಸ್ನೇಹಲ ತವರಿಗೆ ವಾಪಸು. ಯಾರೂ ಬಾಯಿಬಿಟ್ಟು ಹೇಳದಿದ್ದರೂ ಎಲ್ಲರಿಗೂ ಗೊತ್ತಿತ್ತು. ಸ್ನೇಹಲ ಆಗ ಬಸುರಿ.

"ಇದನ್ನ ಬಿಡಸವರು ಯಾರೂ ಇಲ್ಲೇನು?" ಅಂದ ಗೌರವ, ಎಲ್ಲ ಕೇಳಿದ ಮೇಲೆ.

"ಆಯಿ ಒಬ್ಬಾಕಿ. ಅಪ್ಪನ್ನೂ ಆತ್ಯಾನ್ನೂ ಹಡದಾಕಿ. ಆಕಿ 'ಬಿಡ್ರಿ' ಅಂದ್ರ ಇಬ್ಬರೂ ಬಿಡತಾರ. ಆದ್ರ ಪುರಾಣ ಹಚ್ಚಿದ ಮ್ಯಾಲ ಓದಿ ಮುಗಸಿ ಮಂಗಲ ಆಗೂತನಾ ನಮ್ಮ ಮನ್ಯಾಗ ಲಗ್ನದ ಮಾತ ತಗಿಯಂಗಿಲ್ಲ. ನಾವೂ ಇಲ್ಲ, ಅವರೂ ಇಲ್ಲ."

"ಮಂಗಲ ಆದ ಮ್ಯಾಲ?"

ಕಾಜಲ ಜಾಳಿಗೆ ಒರಗಿದಳು. "ಮಂಗಲದ ದಿನ ಓದಿದವ ಏನ ಬೇಡಿದ್ರೂ ಇಲ್ಲ ಅನ್ನಬಾರದು. ಮುತ್ಯಾನ ಕಾಲದಿಂದ ನಡದ ಬಂದೈತಿ. ಒಬ್ಬ ಶಾಸ್ತ್ರಿ ಮುತ್ಯಾನ ಕಾಳಗದ ಟಗರ ಬೇಡಿದ್ನಂತ. ಮುತ್ಯಾ ಅತಗೋತ ಹಗ್ಗ ಕೈಯಾಗ ಕೊಟ್ಟನಂತ."

ಗೌರವ ಬಹಳ ಹೊತ್ತು ಒಂದು ಹಾಳೆಯ ಸುಕ್ಕು ಬಿಡಿಸಿದ. ಸುಕ್ಕು ಹೋಗಿ ಎಷ್ಟೋ ಹೊತ್ತಾದ ಮೇಲೂ ಬಿಡಿಸುತ್ತಿದ್ದ.

"ನಾ ಏನ್ ಬೇಡ್ಲಿ?"

"ಟಗರ ಬೇಡು."

"ಮಿರಜದಾಗ ಒಂದ ಖೋಲಿ ಐತಿ ನಮಗ. ಟಗರ ಎಲ್ಲಿ ಕಟ್ಟಲಿ?"

"ಮತ್ತೇನ ಹಿಡಸತೈತಿ ಆ ಖೋಲ್ಯಾಗ?"

"ನಮ್ಮವ್ವ, ನಾ," ಅಂದ ಅವನು. ಆಮೇಲೆ ಅವಳತ್ತ ನೋಡಿದ. "ಚಾ ಚೆಲೋ ಮಾಡಾಕಿ ಒಬ್ಬಾಕಿ."

ಕಾಜಲ ಜಾಳಿಯ ಕೆಳಗಿನಿಂದ ಕೈ ಚಾಚಿ ಅವನ ಕಿರುಬೆರಳನ್ನು ತನ್ನ ಕಿರುಬೆರಳಿನಿಂದ ಹಿಡಿದುಕೊಂಡಳು. ಮೇಲೆ ಯಾರದೋ ಮನೆಯ ಪ್ರಾರ್ಥನೆ ಒಣಗುತ್ತಿತ್ತು.

*

ಬುದ್ಧಿ ಇದ್ದವರು ಏನು ಮಾಡುತ್ತಿದ್ದರು? ಬೇಗ ಬೇಗ ಓದಿ ಮುಗಿಸುತ್ತಿದ್ದರು. ಆದರೆ ಪ್ರೀತಿಸಿದವರಿಗೆ ಬುದ್ಧಿಯ ಲೆಕ್ಕ ಹತ್ತುವುದಿಲ್ಲ. ಪುರಾಣ ನಡೆದಿರುವ ತನಕ ಗೌರವ ದಿನಾ ಬರುತ್ತಾನೆ. ಪುರಾಣ ನಡೆದಿರುವ ತನಕ ಆತ್ಯಾ ಮದುವೆಯ ಮಾತೆತ್ತುವಂತಿಲ್ಲ. ಮುಗಿದರೆ? ಬೇಡಬೇಕು. ಬೇಡಿದರೆ ಆಯಿ ಏನನ್ನುತ್ತಾಳೋ. ಆ ದಿನದ ಆಸೆ ಎಷ್ಟಿತ್ತೋ ಭಯವೂ ಅಷ್ಟೇ ಇತ್ತು. ಇವತ್ತಿನ ಸಂಜೆಯಲ್ಲಿ ಮಾತ್ರ ಯಾವ ಭಯವೂ ಇರಲಿಲ್ಲ.

ಅದಕ್ಕೇ ಅವರು ಕತೆಯನ್ನು ಎಳೆದರು. ಅವನು ಒಂದು ಪುಟ ಓದಿ ಅದರ ಅರ್ಥವನ್ನು ಎರಡು ಪುಟದಷ್ಟು ಹೇಳುತ್ತಿದ್ದ. ಓದು ರಂಗೇರುವ ಹೊತ್ತಿಗೆ ಸರಿಯಾಗಿ ಕಾಜಲ ಚಹಾ ತರುತ್ತಿದ್ದಳು. ಚಹಾ ಕುಡಿದ ಮೇಲೆ ಅವನಿಗೆ ಎಲ್ಲಿ ಬಿಟ್ಟಿದ್ದೆನೆಂದು ಮರೆತುಹೋಗುತ್ತಿತ್ತು. ಹಿಂದಿನ ಹಾಳೆಯಿಂದ ಮತ್ತೆ ಹಿಡಿಯುತ್ತಿದ್ದ. ಸಿದ್ಧನ ಕುರಿಗಳು ಹೊಳೆ ದಾಟುವ ಭಾಗಕ್ಕೆ ಬಂದಾಗಂತೂ ವಾರಗಟ್ಟಲೆ ಹೊಳೆ ಮುಗಿಯಲೇ ಇಲ್ಲ.

"ತಮ್ಮಾ," ಅಂದಳು ಮುತ್ತವ್ವ ಒಂದು ಸಂಜೆ. "ನಿನ್ನೆ ಕುರಿ ದಾಟಿ ಹೋಗಿದ್ದುವಲ್ಲೋ. ಇವತ್ತ ಮತ್ತ ಯಾಕ ಈಚಿ ದಂಡಿಗಿ ಬಂದು ನಿಂತಾವು?"

ಗೌರವ ಅವಸರದಿಂದ ಹಾಳೆ ತಿರುವಿದ. "ನೀರ... ನೀರ ಹೆಚ್ಚಾಗೇತ್ರಿ ಆಯಿ."

"ಹೂಂ. ಹೆಚ್ಚಾಗೇತಿ," ಅಂದಳು ಮುದುಕಿ. ಹಲ್ಲಿಲ್ಲದ ಬಾಯಿ ಸ್ವಲ್ಪ ಅಗಲವಾಯಿತು. "ಇರಲಿ. ಇಳಿದ ಮ್ಯಾಲ ದಾಟ್ಲಿ."

ಆ ಮಾತಿನಿಂದ ಇಬ್ಬರಿಗೂ ಆನೆಯ ಬಲ ಬಂತು. ಆಯಿಗೆ ಗೊತ್ತಿದೆ. ಗೊತ್ತಿದ್ದೂ ನಗುತ್ತಾಳೆ. ಇನ್ನೇನು ಭಯ? ಆದರೂ ಇನ್ನೊಂದೆರಡು ಸಂಜೆ ಇರಲಿ, ಆಮೇಲೆ ಮುಗಿಸಿದರಾಯಿತು ಅಂದುಕೊಂಡರು. ಹೀಗೆ ಅಂದುಕೊಂಡೇ ದೀಪಾವಳಿ ಹೋಯಿತು, ಎಳ್ಳಮಾಸೆ ಬಂತು. ಕಡೆಗೆ ಬರುವ ಸೋಮವಾರ ಮಂಗಲ ಅಂತ ಗಟ್ಟಿಯಾಯಿತು. ಉಳಿದದ್ದು ಕೆಲವೇ ಹಾಳೆ.

ಶನಿವಾರ ಬೆಳಿಗ್ಗೆ ಕಾಜಲ ಆಯಿಯ ತಲೆ ಬಾಚುತ್ತಿದ್ದಾಗ ಮುದುಕಿ ಅವಳ ಕೈ ಹಿಡಿದಳು.

"ಆ ಪುಸ್ತಕದಾಗ ಕಡೀ ಹಾಳಿ ಇಲ್ಲ. ಹೌದಿಲ್ಲೋ?"

ಬಾಚಣಿಗೆ ನಿಂತಿತು.

"ನಿಮ್ಮ ಮುತ್ಯಾ ಪ್ರತಿ ಮಂಗಲಕ್ಕ ಆ ಹಾಳಿಗಿ ಭಂಡಾರ ಹಚ್ಚತಿದ್ದ. ಹಚ್ಚಿ ಹಚ್ಚಿ ರೊಟ್ಟಿಯಂಗ ಗಟ್ಟಿ ಆಗಿತ್ತು. ಮೊದಲ ದಿನಾನ ನನ್ನ ಬೆರಳಿಗಿ ಸಿಗಲಿಲ್ಲ. ಪಾಪ, ಹುಡುಗ ಹೆದರ್ಯಾನ. ನಾ ಹೇಳ್ತೇನಿ, ನೀ ಬಾಯಿಲೆ ಇಟ್ಕೋ. ಅವ ಅಲ್ಲಿಗಿ ಬಂದು ನಿಂತಾಗ ಹೇಳು."

ಮುದುಕಿ ಹೇಳಿದಳು, ಕಾಜಲ ಅದನ್ನೇ ಹಿಂದೆ ಹಿಂದೆ ಅಂದಳು. ಮುಗಿದ ಮೇಲೆ ಕಾಜಲಳ ನಾಲಿಗೆಯ ತುದಿಗೆ ಬೇರೆಯೇ ಮಾತು ಬಂದಿತ್ತು: ಆಯಿ, ನನ್ನ ಬಿಡಿಸು. ಆದರೆ ಮಂಗಲಕ್ಕೆ ಮುಂಚೆ ಕೇಳಬಾರದು. ಆಯಿಗೂ ದಣಿವಾಗಿತ್ತು. ಸೋಮವಾರಕ್ಕೆ ಇನ್ನೆಷ್ಟು ದಿನ? ಅವಳು ಹೆರಳು ಕಟ್ಟಿ, ಹಣೆಗೆ ಮುತ್ತಿಟ್ಟು, ಕೆಲಸಕ್ಕೆ ಹೋದಳು.

ಮಧ್ಯಾಹ್ನ ಬಾಬು ಶೆಡ್ಡಿಗೆ ಓಡಿ ಬಂದ. ಅವನು ಬಾಯಿಬಿಡುವ ಮುಂಚೆಯೇ ಕಾಜಲಳ ಕೈಯಲ್ಲಿದ್ದ ಹಾಳೆ ಹರಿದು ಎರಡಾಯಿತು. ಅಷ್ಟು ತಿಂಗಳಲ್ಲಿ ಅವಳ ಕೈಯಿಂದ ಹರಿದದ್ದು ಅದೊಂದೇ.

*

ದುಃಖವನ್ನು ಜನ ಹಂಚಿಕೊಳ್ಳುತ್ತಾರೆ, ತಪ್ಪನ್ನು ಯಾರೂ ಹಂಚಿಕೊಳ್ಳುವುದಿಲ್ಲ. ಆಯಿ ಇಲ್ಲದ ಮನೆತುಂಬ ಅಳು, ಆದರೆ ಕಾಜಲ ಅಳುತ್ತಿದ್ದದ್ದು ಬೇರೆಯೇ ಅಳು. ತಂದಿಟ್ಟ ಒಂದೊಂದು ಚಹಾ, ಹಿಂದಕ್ಕೆ ತಿರುವಿದ ಒಂದೊಂದು ಹಾಳೆ ಅವಳ ಕಣ್ಣಿಗೆ ಬರುತ್ತಿತ್ತು. ಕುರಿಗಳನ್ನು ನಾವೇ ಈಚೆ ದಂಡೆಯಲ್ಲಿ ತಡೆದು ನಿಲ್ಲಿಸಿದೆವು. ದಾಟಿಸಬಲ್ಲವಳು ತಾನೇ ದಾಟಿ ಹೋದಳು.

ಗೌರವ ಮಣ್ಣಿಗೆ ಬಂದಿದ್ದ. ದೂರದ ಬೇವಿನ ಗಿಡದ ಕೆಳಗೆ ನಿಂತು, ಹಾಗೆಯೇ ಹೋದ. ಓದುವ ನೆಪವಿಲ್ಲದೆ ಆ ಮನೆಯ ಹೊಸಿಲು ತುಳಿಯಲು ಅವನಿಗೆ ಈಗ ಯಾವ ದಾರಿಯೂ ಇರಲಿಲ್ಲ.

ದಾರಿ ತೆಗೆದವನು ಅಮೋಘಸಿದ್ಧ. "ಹಚ್ಚಿದ ಪುರಾಣ ಅರ್ಧಕ್ಕ ಬಿಡಬಾರದು. ನಮ್ಮವ್ವನ ಜೀವ ಅರ್ಧ ದಾರ್ಯಾಗ ನಿಲ್ತೈತಿ," ಅಂತ ತಾನೇ ಶೆಡ್ಡಿಗೆ ಹೋಗಿ ಕರೆದ. "ದಿವಸದ ದಿನ ಬಂದು ಮಂಗಲ ಮಾಡಿ ಹೋಗಪಾ."

ದಿವಸದ ದಿನ, ಆಯಿಯ ಉತ್ತರಕ್ರಿಯೆಗೆಂದು, ಖಂಡೇರಾಜುರಿಯಿಂದ ಚಂದ್ರಭಾಗಾ ಆತ್ಯಾ ಬಂದಳು, ಸ್ವಪ್ನಿಲ ಬಂದ. ಮುತ್ತವ್ವನ ಫೋಟೋದ ಮುಂದೆ ಕಂಬಳಿ ಹಾಸಿದರು. ಗೌರವ ಬಿಳಿ ಅಂಗಿ ತೊಟ್ಟು ಬಂದು ಕೂತು ಓದತೊಡಗಿದ. ಈ ಸಲ ಅರ್ಥ ಹೇಳಲಿಲ್ಲ, ಹಿಂದಕ್ಕೆ ತಿರುವಲಿಲ್ಲ. ಕುರಿಗಳು ಹೊಳೆಗಿಳಿದವು, ಈಜಿದವು, ಆಚೆ ದಂಡೆ ಹತ್ತಿದವು. ಒಳಗೆ ಒಲೆಯ ಮೇಲಿಟ್ಟ ಅನ್ನ ಇನ್ನೂ ಕುದಿ ಬಂದಿರಲಿಲ್ಲ. ಅಷ್ಟರಲ್ಲಿ ಕತೆ ಮುಗಿದಿತ್ತು. ಇಷ್ಟೇ ಉಳಿದದ್ದು! ಯಾವ ಸಂಜೆಯಾದರೂ ಒಂದು ಚಹಾ ಬಿಟ್ಟಿದ್ದರೆ ಮುಗಿಯುತ್ತಿತ್ತು. ಕಾಜಲ ಬಾಗಿಲ ಚೌಕಟ್ಟು ಹಿಡಿದು ನಿಂತಳು.

ಗೌರವ ಖಾಲಿ ಹಾಳೆಗೆ ಬಂದು ನಿಂತ. "ಕಡೀ ಹಾಳಿ ಹೊಳಿ ನೀರಿಗಿ ಹೋಗೇತ್ರಿ," ಅಂದ, ಫೋಟೋದತ್ತ ನೋಡಿ. ಆಯಿಗೆ ಈಗಲಾದರೂ ಹೇಳಬೇಕಲ್ಲ.

"ನನಗ ಬರತದ," ಅಂದಳು ಕಾಜಲ.

ಎಲ್ಲರೂ ತಿರುಗಿ ನೋಡಿದರು. ಅವಳು ಕಣ್ಣು ಮುಚ್ಚಿಕೊಂಡು ಆಯಿ ಹೇಳಿಕೊಟ್ಟಂತೆಯೇ ಹೇಳಿದಳು:

"ಹೊಳೆ ದಾಟಿದ ಕುರಿಗೆ ಹುಲ್ಲಿರಲಿ. ದಾಟದ ಕುರಿಗೆ ನೆರಳಿರಲಿ. ಓದಿದವರ ಮನೆ ತಣ್ಣಗಿರಲಿ. ಕೇಳಿದವರ ಮನೆ ತಣ್ಣಗಿರಲಿ."

ಹೇಳುವಾಗಲೇ ಅವಳಿಗೆ ತಿಳಿಯಿತು. ಓದಿದವರ ಮನೆ ಒಂದು. ಕೇಳಿದವರ ಮನೆ ಒಂದು. ಮುತ್ಯಾನ ಕಾಲದಿಂದಲೂ ಅದರಲ್ಲಿ ಇದ್ದದ್ದು ಎರಡು ಮನೆ.

ಅಮೋಘಸಿದ್ಧ ಭಂಡಾರದ ತಟ್ಟೆ ಹಿಡಿದು ಎದ್ದ. ಗೌರವನ ಹಣೆಗೆ ಹಚ್ಚಿದ. ಪದ್ಧತಿಯ ಮಾತು ಆಡಲೇಬೇಕಿತ್ತು.

"ಬೇಡಪಾ. ಓದಿದವ ಬೇಡಿದ್ದಕ್ಕ ಈ ಮನ್ಯಾಗ ಇಲ್ಲ ಅಂದಿಲ್ಲ."

ಹಾಗೆಂದು ಅವನು ನೋಡಿದ್ದು ಗೌರವನನ್ನಲ್ಲ, ಒಳಗಿನ ಬಾಗಿಲನ್ನು. ಅಪ್ಪನಿಗೆ ಗೊತ್ತಿದೆ ಎಂದು ಕಾಜಲಳಿಗೆ ಆಗ ಖಾತ್ರಿಯಾಯಿತು. 'ಮಾಮಾ' ಅಂದ ಸಂಜೆಯಿಂದಲೂ ಗೊತ್ತಿತ್ತು. ಬೇಡಿದರೆ ಅವನು ಕೊಡುತ್ತಾನೆ. ಟಗರಿನ ಹಗ್ಗ ಕೊಟ್ಟವನ ಮಗ, ಅಳುತ್ತಲಾದರೂ ಕೊಡುತ್ತಾನೆ. ಕೊಟ್ಟರೆ ಅದೇ ಭಂಡಾರ ಹಿಡಿದು ತಂಗಿಗೆ ಆಡಿದ ಮಾತು ಮುರಿಯುತ್ತದೆ.

ಗೌರವ ತಲೆಯೆತ್ತಿ ಅವಳನ್ನು ನೋಡಿದ. ಕೇಳಲೇ? ಎಂದಿತು ಆ ನೋಟ. ಅವಳ ಜೀವವೆಲ್ಲ ಹೂಂ ಅಂದಿತು.

ಅವಳ ಬೆನ್ನ ಹಿಂದೆ ಬಳೆಯ ಸದ್ದಾಯಿತು. ಕಾಜಲ ತಿರುಗಿದಳು. ಸ್ನೇಹಲ, ಎರಡೂ ಕೈ ಹೊಟ್ಟೆಯ ಮೇಲೆ. ಕಣ್ಣಲ್ಲಿ ನೀರು ತುಂಬಿಕೊಂಡು, ತನ್ನ ಮನೆ ಉಳಿಯುತ್ತದೋ ಇಲ್ಲವೋ ಎಂದು ಬಾಗಿಲಲ್ಲಿ ನಿಂತು ಕಾಯುತ್ತಿದ್ದಳು.

ಕಾಜಲ ಮತ್ತೆ ಗೌರವನತ್ತ ತಿರುಗಿ, ಯಾರಿಗೂ ಕಾಣದಷ್ಟು ಮೆಲ್ಲಗೆ, ಬೇಡವೆಂದು ತಲೆಯಾಡಿಸಿದಳು.

ಅವನು ಅದನ್ನು ಕಂಡ. ಜಾಳಿಯ ಆಚೆ ನಿಂತು ಅವಳ ರೆಪ್ಪೆ ಅಲುಗಿದ್ದನ್ನೂ ಓದುತ್ತಿದ್ದವನು, ಇದನ್ನು ಓದದಿರುತ್ತಾನೆಯೇ? ಒಂದು ಸಲ ಕಣ್ಣು ಮುಚ್ಚಿ ತೆರೆದ.

"ಆ ಕಡೀ ಮಾತು ಇನ್ನೊಮ್ಮೆ ಹೇಳಲ್ರಿ," ಅಂದ. "ಹಾಳ್ಯಾಗ ಬರೀತೇನಿ. ನನಗ ಅಷ್ಟ ಸಾಕು."

ಅಮೋಘಸಿದ್ಧ ತಟ್ಟೆ ಕೆಳಗಿಟ್ಟು ಟವೆಲ್ಲಿನಿಂದ ಮುಖ ಮುಚ್ಚಿಕೊಂಡ. ತಾಯಿಯ ನೆನಪಾಯಿತೆಂದು ಎಲ್ಲರೂ ಅಂದುಕೊಂಡರು.

ಗೌರವ ಅಂಗಿಯ ಕಿಸೆಯಿಂದ ಪೆನ್ನು ತೆಗೆದ. ಕಾಜಲ ಬಂದು ಅವನೆದುರು ಕೂತಳು. ನಡುವೆ ಒಂದು ಹಾಳೆ. ಗಾಳಿಗೆ ಏಳದಂತೆ ಈ ಮೂಲೆ ಅವಳು ಹಿಡಿದಳು, ಆ ಮೂಲೆ ಅವನು ಹಿಡಿದ.

"ಹೊಳೆ," ಅಂದಳು. ಅವನು ಬರೆದ. "ದಾಟಿದ," ಅಂದಳು. ಅವನು ಬರೆದು ಕಾದ. ಒಂದೊಂದು ಶಬ್ದ ಹೇಳಿ ಅವನ ಬೆರಳು ನಿಲ್ಲುವ ತನಕ ಸುಮ್ಮನಿರುವಳು. ನಿಂತ ಮೇಲೂ ಸ್ವಲ್ಪ ಹೊತ್ತು ಸುಮ್ಮನಿರುವಳು. "ಏನಂದಿ?" ಎಂದು ಅವನು ಕೇಳಿಸಿದ್ದನ್ನೇ ಮತ್ತೆ ಕೇಳುವನು. ಅವಳು ಮತ್ತೆ ಹೇಳುವಳು. ಆತ್ಯಾ ಕಣ್ಣೊರೆಸಿಕೊಳ್ಳುತ್ತ, "ಹುಡುಗಿ ಎಷ್ಟ ಚೆಂದ ಹೇಳತಾಳ, ಅವಸರಾನ ಇಲ್ಲ," ಅಂದಳು. ಎಷ್ಟು ಎಳೆದರೂ ನಾಲ್ಕು ಸಾಲಿನ ಮಾತು ಎಷ್ಟು ಹೊತ್ತು ನಿಂತೀತು?

"ಕೇಳಿದವರ ಮನೆ," ಅಂದಳು ಕಡೆಗೆ. ಅಲ್ಲಿಗೇ ಮಾತು ನಿಲ್ಲಿಸಿದಳು.

"ತಣ್ಣಗಿರಲಿ," ಅಂದ ಅವನೇ, ಬರೆದ, ಪೆನ್ನಿನ ಮುಚ್ಚಳ ಹಾಕಿದ.

ಶಾಯಿ ಒಣಗುವ ತನಕ ಇಬ್ಬರೂ ಹಾಳೆಯ ಮೂಲೆ ಬಿಡಲಿಲ್ಲ. ಆಮೇಲೆ ಅವನು ಪುಸ್ತಕ ಮುಚ್ಚಿ ಫೋಟೋದ ಮುಂದಿಟ್ಟು, ಹೊರಗೆ ಬಂದು ಚಪ್ಪಲಿ ಮೆಟ್ಟಿದ. ಬಾಗಿಲಿಗೆ ಬಂದ ಅಮೋಘಸಿದ್ಧನಿಗೆ ಕೈ ಮುಗಿದ.

"ಬರ್ತೇನ್ರಿ ಕಾಕಾ," ಅಂದ.

ಒಳಗೆ ಕಾಜಲ ಅದನ್ನು ಕೇಳಿದಳು. ಸ್ನೇಹಲ ಬಂದು ಪಕ್ಕದಲ್ಲಿ ಕೂತು ಅವಳ ಕೈ ಹಿಡಿದುಕೊಂಡಳು. ಮಿರಜದ ಬಸ್ಸು ಬಂದು ಹೋದ ಸದ್ದಾಗುವ ತನಕ ಇಬ್ಬರೂ ಹಾಗೆಯೇ ಕೂತಿದ್ದರು.